ಮುಸ್ಸಂಜೆಯ ಅತಿಥಿ

ಮುಸ್ಸಂಜೆಯ ಹೊತ್ತಿಗೆ ಹೇಳದೆ ಕೇಳದೆ ಮನೆಗೆ ಬರುವವರಲ್ಲಿ ನಾಲ್ಕು ಬಗೆಯವರಿದ್ದಾರೆ. ಸಾಲ ಕೇಳಲು ಬರುವವರು; ಕೊಟ್ಟ ಸಾಲವನ್ನು ಕೇಳಲು ಬರುವವರು; ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬಂದು, ‘ನನಗೆ ಊಟ ಬೇಡ’ ಎಂದು ಮಣೆಯ ಮೇಲೆ ಕುಳಿತುಕೊಳ್ಳುವವರು; ಏನೂ ಕೇಳದೆ ಗೋಡೆಯ ಮೇಲೆ ಕುಳಿತಿದ್ದು, ಬೆಳಗಾಗುವುದರೊಳಗೆ ಎದ್ದುಹೋಗುವವರು. ಮೊದಲ ಮೂರು ಬಗೆಯವರ ವಿಷಯವನ್ನು ವಾಚಕರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಾಲ್ಕನೆಯ ಬಗೆಯ ಒಬ್ಬ ಅತಿಥಿಯ ವಿಷಯವಾಗಿ ಎರಡು ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಅದೊಂದು ಚಿಟ್ಟೆ.

ನಮ್ಮ ಮೂಲಮನೆ ಇರುವುದು ಸಿದ್ದಾಪುರದ ಕಡೆಯ ಒಂದು ಹಳ್ಳಿಯಲ್ಲಿ. ಹಳ್ಳಿಯೆಂದರೆ ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ಕೂಡಿಸಿದ ಮನೆಗಳಲ್ಲ. ಒಂದು ಕಣಿವೆಗೆ ಒಂದೋ ಎರಡೋ ಮನೆ. ಮನೆಯ ಕೆಳಗೆ ಅಡಿಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದ ಮಗ್ಗುಲಲ್ಲಿ ಬೇಣ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳವರಿಗೆ ಈ ಮಾತುಗಳನ್ನು ಬಿಡಿಸಿ ಹೇಳುವುದು ಬೇಡ. ಉಳಿದವರಿಗಾಗಿ ಹೇಳುತ್ತೇನೆ. ಸೊಪ್ಪಿನ ಬೆಟ್ಟವೆಂದರೆ ತೋಟಕ್ಕೆ ಬೇಕಾದ ಸೊಪ್ಪನ್ನೂ ದರಕನ್ನೂ ತರುವುದಕ್ಕೆಂದು ತೋಟದವರಿಗೆ ಬಿಟ್ಟುಕೊಟ್ಟ ಕಾಡು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವೆಂಬ ಲೆಕ್ಕ ಇಂಗ್ಲಿಷರ ಕಾಲದಿಂದ ನಡೆದುಬಂದದ್ದು. ದರಕೆಂದರೆ ಉದುರಿದ ಒಣ ಎಲೆ. ಬೇಣವೆಂದರೆ ಹುಲ್ಲಿನ ನೆಲ. ಅಲ್ಲೊಂದು ಮತ್ತಿ, ಇಲ್ಲೊಂದು ನೆಲ್ಲಿ, ನಡುವೆ ಕವಳಿಯ ಮಟ್ಟಿ; ಉಳಿದದ್ದೆಲ್ಲ ಹುಲ್ಲು. ಮಳೆ ಹಿಂದೆಗೆದ ಮೇಲೆ ಆ ಹುಲ್ಲನ್ನು ಕೊಯ್ದು ಒಣಗಿಸಿದರೆ ಅದೇ ಕರಡ. ಒಂದು ಕಾಲದಲ್ಲಿ ಮನೆಯ ಮಾಡಿಗೂ ಕೊಟ್ಟಿಗೆಯ ದನಕ್ಕೂ ಅದೇ ಆಧಾರವಾಗಿತ್ತು.

ಈ ಬೇಣದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಚಿಟ್ಟೆಯ ಕಥೆಯನ್ನು ಹೇಳಲು ಹೊರಟದ್ದೂ ಆ ತಪ್ಪಿನ ದೆಸೆಯಿಂದಲೇ.

ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ. ತಂದೆಯವರ ನೌಕರಿ ಅಲ್ಲಿತ್ತು. ಊರಿಗೆ ಬರುತ್ತಿದ್ದುದು ವರ್ಷಕ್ಕೆ ಎರಡು ಸಲ, ಬೇಸಗೆಯ ರಜೆಯಲ್ಲಿ ಮತ್ತು ಚೌತಿಯ ಹಬ್ಬಕ್ಕೆ. ಬೇಸಗೆಯಲ್ಲಿ ಬಂದಾಗ, ಸಂಜೆ ದೀಪ ಹಚ್ಚಿದ ಕೂಡಲೇ ಜಗಲಿಯ ಗೋಡೆಗೆ ಒಂದು ಹುಳು ಬಂದು ಅಂಟಿಕೊಳ್ಳುತ್ತಿತ್ತು. ರೆಕ್ಕೆ ಮಡಚಿತೆಂದರೆ ಅದು ಹುಳುವಲ್ಲ, ದರಕು! ಅದೇ ಕಂದು, ಅದೇ ನರ, ಕೊಳೆತ ಎಲೆಯ ಮೇಲಿರುವಂಥದೇ ಕಪ್ಪು ಚುಕ್ಕೆ, ತುದಿಯಲ್ಲಿ ಎಲೆಯ ಮೂಗಿನ ಹಾಗೆ ಒಂದು ಕೊಂಕು. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಹಳದಿಯ ಕಡೆಗೆ ವಾಲಿದರೆ ಇನ್ನೊಂದು ಬೂದಿಯ ಕಡೆಗೆ. ಅದಕ್ಕೆ ನಾನು ‘ದರಕಿನ ಹುಳು’ ಎಂದು ಹೆಸರಿಟ್ಟಿದ್ದೆ. ಚೌತಿಗೆ ಬಂದಾಗ ಅದೇ ಗೋಡೆಗೆ ಬರುತ್ತಿದ್ದುದು ಬೇರೊಂದು. ಮೈತುಂಬ ಸಣ್ಣ ಸಣ್ಣ ಕಂದು ಗೀರು. ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಕಣ್ಣುಗಳು. ಹಳದಿಯ ಬಳೆ, ಬಳೆಯೊಳಗೆ ಕಪ್ಪು, ಕಪ್ಪಿನ ನಡುವೆ ಬಿಳಿಯ ಬೊಟ್ಟು. ಇದು ‘ಕಣ್ಣಿನ ಹುಳು’. ಎರಡನ್ನೂ ನೋಟುಬುಕ್ಕಿನ ಎರಡು ಬೇರೆ ಬೇರೆ ಪುಟಗಳಲ್ಲಿ ಚಿತ್ರ ಬರೆದು ಇಟ್ಟುಕೊಂಡಿದ್ದೆ.

ದೊಡ್ಡಾಯಿಯ ಮಗ ನನಗಿಂತ ಎರಡು ವರ್ಷ ದೊಡ್ಡವನು. ಆತ ನನ್ನ ನೋಟುಬುಕ್ಕನ್ನು ನೋಡಿ ನಕ್ಕುಬಿಟ್ಟ. ‘ಎರಡೂ ಒಂದೇ, ಮಳ್ಳ’ ಎಂದ. ನಾನು ಸಿಟ್ಟಾದೆ. ಕಣ್ಣಿದ್ದದ್ದು, ಕಣ್ಣಿಲ್ಲದ್ದು ಎರಡೂ ಒಂದಾಗುವುದು ಹೇಗೆ? ಆತನ ಹತ್ತಿರ ಚಿತ್ರವಿರಲಿಲ್ಲ, ಪುಸ್ತಕವಿರಲಿಲ್ಲ. ಆದರೆ ವರ್ಷದ ಹನ್ನೆರಡು ತಿಂಗಳೂ ಅದೇ ಜಗಲಿಯಲ್ಲಿ ಮಲಗಿದ್ದ. ಚೌತಿ ಕಳೆದು ದೀಪಾವಳಿ ಬರುವ ನಡುವಿನಲ್ಲಿ ಅರೆಗಣ್ಣಿನ ಹುಳುಗಳು ಬರುತ್ತವೆಂಬುದನ್ನೂ, ಚಳಿ ಹೆಚ್ಚಿದ ಹಾಗೆ ಕಣ್ಣುಗಳು ಮುಚ್ಚಿಹೋಗುತ್ತವೆಂಬುದನ್ನೂ ಕಂಡಿದ್ದ. ನಾನು ಕಂಡದ್ದು ರಜೆಯ ಜ್ಞಾನ. ಅಂದಿನ ವಾದದಲ್ಲಿ ಗೆದ್ದವನು ಮಾತ್ರ ನಾನೇ, ನಾನು ಹುಬ್ಬಳ್ಳಿಯವನಲ್ಲವೆ!

ದೊಡ್ಡವನಾದ ಮೇಲೆ ತಿಳಿಯಿತು, ಹುಬ್ಬಳ್ಳಿಯ ಹುಡುಗನ ತಪ್ಪನ್ನು ಜಗತ್ತಿನ ದೊಡ್ಡ ದೊಡ್ಡ ಪಂಡಿತರೂ ಮಾಡಿದ್ದರು ಎಂದು. ಸ್ವೀಡನ್ ದೇಶದ ಲಿನ್ನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಹೆಸರಿಡುವ ತನ್ನ ಮಹಾಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಕಣ್ಣಿನ ಹುಳುವಿಗೆ ಲೀಡಾ ಎಂದು ಗ್ರೀಕ್ ಪುರಾಣದ ಒಬ್ಬ ರಾಣಿಯ ಹೆಸರನ್ನಿಟ್ಟ. ಹದಿನೇಳು ವರ್ಷಗಳ ತರುವಾಯ, 1775ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಉಣ್ಣೆಯ ವ್ಯಾಪಾರಿ ಪೀಟರ್ ಕ್ರಾಮರ್ ತನ್ನ ಚಿತ್ರಸಂಪುಟದಲ್ಲಿ ದರಕಿನ ಹುಳುವಿಗೆ ಇಸ್ಮೀನ್ ಎಂದು ಈಡಿಪಸ್ ದೊರೆಯ ಮಗಳ ಹೆಸರನ್ನಿಟ್ಟ. ಇಬ್ಬರೂ ಇದನ್ನು ಹಾರುವಾಗ ಕಂಡವರಲ್ಲ; ಹಡಗಿನಲ್ಲಿ ಬಂದ, ಸೂಜಿಗೆ ಚುಚ್ಚಿದ ಒಣ ರೆಕ್ಕೆಗಳನ್ನು ಕಂಡವರು. ಸೂಜಿಗೆ ಚುಚ್ಚಿದ ಹುಳುವಿಗೆ ಮಳೆಗಾಲವೂ ಇಲ್ಲ, ಬೇಸಗೆಯೂ ಇಲ್ಲ. ಮುಂದೆ ನೂರು ವರ್ಷಕ್ಕೂ ಮೇಲ್ಪಟ್ಟು ಲೀಡಾ, ಇಸ್ಮೀನ್ ಎಂಬ ಇಬ್ಬರು ಅಕ್ಕತಂಗಿಯರು ವಿದ್ವಾಂಸರ ಪೆಟ್ಟಿಗೆಗಳಲ್ಲಿ ಬೇರೆ ಬೇರೆ ಸಂಸಾರ ಹೂಡಿದ್ದರು.

ಈ ಗಂಟನ್ನು ಬಿಚ್ಚಲು ತೊಡಗಿದವರಲ್ಲಿ ಲಯೊನೆಲ್ ಡಿ ನಿಸೆವಿಲ್ ಒಬ್ಬರು. ಇಂಗ್ಲೆಂಡಿನಿಂದ ಕಲಕತ್ತೆಗೆ ಬಂದು ಸರಕಾರಿ ಕಚೇರಿಯಲ್ಲಿ ಕಾರಕೂನಿಕೆ ಮಾಡುತ್ತಿದ್ದ ಮನುಷ್ಯ. ಬಿಡುವಿನ ವೇಳೆಯನ್ನೆಲ್ಲ ಚಿಟ್ಟೆಗಳಿಗೆ ಕೊಟ್ಟವರು. ಹುಲ್ಲು ತಿಂದು ಬೆಳೆಯುವ ಈ ಕಂದುಬಣ್ಣದ ಕುಲವನ್ನು ಅವರು ಮೊಟ್ಟೆಯಿಂದಲೇ ಸಾಕಿ, ಒಂದು ಋತುವಿನ ತಾಯಿಗೆ ಇನ್ನೊಂದು ಋತುವಿನಲ್ಲಿ ಹುಟ್ಟುವ ಮಕ್ಕಳು ಯಾವ ಉಡುಪಿನಲ್ಲಿ ಬರುತ್ತವೆಂದು ಕಾದು ನೋಡಿದರು. 1886ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಜಾತಿ ಎರಡಲ್ಲ, ಉಡುಪು ಎರಡು ಎಂಬುದು ಹೀಗೆ ನಿಲುಗಡೆಗೆ ಬಂತು. ಹೆಸರಿಡುವವರ ಶಾಸ್ತ್ರದಲ್ಲಿ ಹಳೆಯ ಹೆಸರಿಗೆ ಮೊದಲ ಹಕ್ಕು. ಆದುದರಿಂದ ಇಂದು ಇದು ಮೆಲನೈಟಿಸ್ ಲೀಡಾ. ಇಸ್ಮೀನ್ ಪುಸ್ತಕದ ಅಡಿಟಿಪ್ಪಣಿಗೆ ಇಳಿದಿದ್ದಾಳೆ. ಹಾಗೆಂದು ತಕರಾರು ಪೂರ್ತಿ ಮುಗಿಯಿತೆಂದಲ್ಲ. ನಮ್ಮ ಕಾಡಿನಲ್ಲೇ ಇದರ ದಾಯಾದಿಯಾದ ಫೆದಿಮಾ ಎಂಬ ಇನ್ನೂ ಕಪ್ಪನೆಯ ಚಿಟ್ಟೆಯಿದೆ. ಬೇಸಗೆಯ ಉಡುಪಿನಲ್ಲಿ ಇಬ್ಬರೂ ದರಕಿನ ಮೇಲೆ ಕುಳಿತರೆ ಇದು ಯಾರೆಂದು ಹೇಳುವಾಗ ಬಲ್ಲವರೂ ಎರಡು ಸಲ ನೋಡುತ್ತಾರೆ.

ಕಲಕತ್ತೆಯವರೆಗೆ ಹೋಗುವುದೂ ಬೇಡ. ಚಿಟ್ಟೆಯನ್ನು ಮೊಟ್ಟೆಯಿಂದ ಸಾಕಿ ತಿಳಿಯಬೇಕೆಂಬ ವಿದ್ಯೆ ನಮ್ಮ ಜಿಲ್ಲೆಯಲ್ಲಿಯೇ ಚೆನ್ನಾಗಿ ಬೇರೂರಿತ್ತು. ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ಕೊನೆಯಲ್ಲಿ ಕಾರವಾರದಲ್ಲಿ ಮೂವರು ಸಾಹೇಬರು ಜೊತೆಗೂಡಿದ್ದರು. ಒಬ್ಬರು ಜಿಲ್ಲೆಯ ಕಲೆಕ್ಟರರಾಗಿದ್ದ ಡೇವಿಡ್‌ಸನ್. ಇನ್ನೊಬ್ಬರು ಉಪ್ಪು ಮತ್ತು ಸುಂಕದ ಖಾತೆಯ ಏಟ್ಕಿನ್, ‘ಇಹಾ’ ಎಂಬ ಹೆಸರಿನಿಂದ ವಿನೋದದ ಪ್ರಬಂಧಗಳನ್ನು ಬರೆದವರು, ಮುಂಬಯಿಯ ನಿಸರ್ಗ ಇತಿಹಾಸ ಸಂಘವನ್ನು 1883ರಲ್ಲಿ ಕಟ್ಟಿದವರಲ್ಲಿ ಒಬ್ಬರು. ಮೂರನೆಯವರು ಜಂಗಲ್ ಖಾತೆಯ ಥಾಮಸ್ ಬೆಲ್. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಮೇಲೆ ಈ ಮೂವರೂ ಕೂಡಿ ಆ ಸಂಘದ ಪತ್ರಿಕೆಯಲ್ಲಿ 1896-97ರಲ್ಲಿ ಬರೆದ ಲೇಖನಮಾಲೆಯನ್ನು ಇಂದಿಗೂ ಬಲ್ಲವರು ತೆಗೆದು ನೋಡುತ್ತಾರೆ. ಬೆಲ್ ಅವರು 1920ರಲ್ಲಿ ನಿವೃತ್ತರಾದ ಮೇಲೆ ತಾಯ್ನಾಡಿಗೆ ಹಿಂದಿರುಗಲಿಲ್ಲ. ಕಾರವಾರದಲ್ಲಿಯೇ ಉಳಿದು, 1948ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ಒಂದು ಜಿಲ್ಲೆಯನ್ನು ತಿಳಿಯಲು ಒಂದು ಜೀವಮಾನ ಬೇಕೆಂದು ಅವರಿಗೆ ಅನಿಸಿದ್ದಿರಬೇಕು. ನನಗೆ ಎರಡು ರಜೆಗಳು ಸಾಕಾಗಿದ್ದವು.

ಒಂದೇ ಜೀವಕ್ಕೆ ಎರಡು ಉಡುಪು ಏಕೆ? ಇದರ ಉತ್ತರವೂ ಹುಲ್ಲಿನಲ್ಲಿಯೇ ಇದೆ. ಮಳೆಗಾಲದಲ್ಲಿ ಹುಲ್ಲು ಹಸಿರಾಗಿದೆ, ಮರಿಗಳಿಗೆ ಊಟವಿದೆ. ಚಿಟ್ಟೆ ಓಡಾಡಬೇಕು, ಮೊಟ್ಟೆಯಿಡಬೇಕು. ಓಡಾಡುವವನಿಗೆ ಅಡಗುವುದು ಸಾಧ್ಯವಿಲ್ಲ. ಆಗ ರೆಕ್ಕೆಯಂಚಿನ ಕಣ್ಣುಗಳು ನೆರವಿಗೆ ಬರುತ್ತವೆ; ಓತಿಕ್ಯಾತನೋ ಹಕ್ಕಿಯೋ ತಲೆಯನ್ನು ಬಿಟ್ಟು ಆ ಕಣ್ಣಿಗೆ ಬಾಯಿ ಹಾಕಿದರೆ ರೆಕ್ಕೆಯ ಚೂರು ಹೋದೀತು, ಜೀವ ಉಳಿದೀತು. ಬೇಸಗೆಯಲ್ಲಿ ಹುಲ್ಲು ಸತ್ತಿದೆ, ನೆಲದ ತುಂಬ ದರಕು. ಈಗ ಮಾಡಬೇಕಾದ ಕೆಲಸವೊಂದೇ, ಮಳೆ ಬರುವವರೆಗೆ ಕಾಯುವುದು. ಕಾಯುವವನಿಗೆ ಕಣ್ಣು ಅಪಾಯ; ದರಕಿನೊಳಗೆ ದರಕಾಗಿ ಕುಳಿತವನೇ ಬದುಕಿದ.

ನಮ್ಮ ಹುಳು ಬರೀ ಸಿದ್ದಾಪುರದ್ದಲ್ಲ. ಆಫ್ರಿಕದಿಂದ ಹಿಡಿದು ಆಸ್ಟ್ರೇಲಿಯದವರೆಗೆ ಹುಲ್ಲಿರುವಲ್ಲೆಲ್ಲ, ಬತ್ತದ ಗದ್ದೆಯಿರುವಲ್ಲೆಲ್ಲ ಇದರ ನೆಂಟರಿದ್ದಾರೆ. ಆಫ್ರಿಕದ ಸವನ್ನಾಗಳಲ್ಲಿ, ಎಂದರೆ ನಡುನಡುವೆ ಮರಗಳಿರುವ ಹುಲ್ಲುಗಾಡುಗಳಲ್ಲಿ, ಈ ವೇಷ ಬದಲಿಸುವ ಆಟ ಇನ್ನೂ ಬೆರಗಿನದು. ಅಲ್ಲಿ ಮಳೆಗಾಲದಲ್ಲಿ ಕೇಸರಿಯಾಗಿಯೂ ಬೇಸಗೆಯಲ್ಲಿ ನೀಲಿಯಾಗಿಯೂ ಕಾಣಿಸುವ ಒಂದು ಚಿಟ್ಟೆಯುಂಟು. ಎರಡನ್ನೂ ಬೇರೆ ಜಾತಿಗಳೆಂದೇ ಬರೆದಿಟ್ಟಿದ್ದರು. ಈಗ ಹರಾರೆ ಎನಿಸಿರುವ ಊರಿನಲ್ಲಿ ಗೈ ಮಾರ್ಷಲ್ ಎಂಬವರು 1898ರಲ್ಲಿ ಮೊಟ್ಟೆಯಿಂದ ಸಾಕಿ ನೋಡಿ ಎರಡೂ ಒಂದೇ ಎಂದು ತೋರಿಸಿದರು. ಮುಂದೆ ಪಾಲ್ ಬ್ರೇಕ್‌ಫೀಲ್ಡ್ ಎಂಬ ವಿಜ್ಞಾನಿ ಮಲಾವಿ ದೇಶದಿಂದ ತಂದ, ನಮ್ಮ ಹುಳುವಿನ ದೂರದ ನೆಂಟನಾದ ಇನ್ನೊಂದು ಸಣ್ಣ ಕಂದು ಚಿಟ್ಟೆಯನ್ನು ಹಾಲೆಂಡಿನ ಲೈಡನ್ನಿನಲ್ಲಿ ವರ್ಷಗಟ್ಟಲೆ ಸಾಕಿದರು. ಮರಿಹುಳು ಬೆಳೆಯುವಾಗಿನ ಶಾಖ ಹೆಚ್ಚಿದ್ದರೆ ಕಣ್ಣು ಅರಳುತ್ತದೆ, ಕಡಿಮೆಯಿದ್ದರೆ ಮುಚ್ಚುತ್ತದೆ ಎಂದು ಕಂಡುಕೊಂಡರು. ಮುಂದೆ ಬರುವ ಋತುವನ್ನು ಹುಳು ತನ್ನ ಮೈಯ ಮೇಲೆ ಮೊದಲೇ ಬರೆದುಕೊಳ್ಳುತ್ತದೆ ಎಂದಾಯಿತು. ಪಂಚಾಂಗ ನೋಡುವ ಭಟ್ಟರಿಗೂ ಇಷ್ಟು ಖಚಿತವಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು.

ಹೋದ ಚೈತ್ರದಲ್ಲಿ ಅಣ್ಣನಿಂದ ಕರೆ ಬಂತು. ಬೇಣವನ್ನು ಕಡಿಸಿ ಅಡಿಕೆ ಹಾಕುವ ಯೋಚನೆ; ಬೇಣ ಒಟ್ಟಿನ ಆಸ್ತಿಯಾದುದರಿಂದ ನನ್ನ ರುಜು ಬೇಕು. ಹೋದೆ. ಇಬ್ಬರೂ ಬೇಣ ಹತ್ತಿ ನಿಂತೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಕಣ್ಣು ಹಾಯುವವರೆಗೆ ಒಣಹುಲ್ಲಿನ ಕೂಳೆ, ನಡುವೆ ಕರಿಕಲ್ಲು, ಬೋಳು ನೆಲ್ಲಿಮರ. ಅಣ್ಣ ಲೆಕ್ಕ ಹೇಳಿದ. ಕೊಟ್ಟಿಗೆಯಲ್ಲಿ ಒಂದು ಕಾಲಕ್ಕೆ ಹದಿನಾರು ದನಗಳಿದ್ದವು, ಈಗ ಎರಡು. ಕರಡ ಕೊಯ್ಯಲು ಆಳು ಸಿಗುವುದಿಲ್ಲ. ಮಾಡಿಗೆ ಹಂಚು ಬಂದು ಎಷ್ಟೋ ಕಾಲವಾಯಿತು. ಮಗಳ ಓದಿಗೆ ಬೆಂಗಳೂರಿಗೆ ದುಡ್ಡು ಕಳಿಸಬೇಕು. ಒಂದು ಮಾತೂ ಸುಳ್ಳಲ್ಲ. ನಾನು ಸುತ್ತಲೂ ನೋಡಿ, ‘ಈ ಬರಡು ನೆಲದಲ್ಲಿ ಮತ್ತೇನು ಬೆಳೆದೀತು, ಹಾಗೇ ಮಾಡು’ ಎಂದೆ. ‘ಬರಡು’ ಎಂದವನು ನಾನು, ಅವನಲ್ಲ. ಅವನು ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾದ.

ಸಂಜೆ ಜಗಲಿಯಲ್ಲಿ ಕಾಗದ ಬಿಚ್ಚಿದೆವು. ದೊಡ್ಡಾಯಿ ಬತ್ತಿ ಹೊಸೆಯುತ್ತ ಕುಳಿತಿದ್ದಳು. ಎಂಬತ್ತು ದಾಟಿದ ಜೀವ. ಮದುವೆಯಾಗಿ ಬಂದ ಮೇಲೆ ಆ ಬೇಣದ ಹುಲ್ಲನ್ನು ಹೊರೆಗಟ್ಟಲೆ ಹೊತ್ತವಳು.

‘ಅಪ್ಪೀ, ಅವಸರ ಎಂತಕ್ಕೆ? ಮಳೆಗಾಲದಲ್ಲಿ ಒಂದ್ಸಲ ಬಂದು ಬೇಣ ನೋಡ್ಕ್ಯಂಡು ರುಜು ಹಾಕು’ ಎಂದಳು.

‘ಅಲ್ಲಿ ನೋಡದು ಎಂತ ಇದ್ದು ದೊಡ್ಡಾಯಿ? ಇವತ್ತು ನೋಡಿ ಬಂದಿದ್ನಲ’ ಎಂದೆ.

ಮರುದಿನ ಬೆಳಿಗ್ಗೆ ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸು ಹಿಡಿಯಬೇಕಾಗಿತ್ತು. ರುಜು ಹಾಕಿದೆ. ತಲೆಯೆತ್ತಿದರೆ ಗೋಡೆಯ ಮೇಲೆ, ದೀಪದ ಪಕ್ಕದಲ್ಲಿ, ಒಂದು ದರಕು ಕುಳಿತಿತ್ತು. ನನಗೆ ಗುರುತು ಸಿಕ್ಕಿತು. ‘ಲೀಡಾ, ಬೇಸಗೆಯ ರೂಪ’ ಎಂದು ಅಣ್ಣನ ಮಗಳಿಗೆ ವಿವರಿಸಿ ಹೇಳಿದೆ. ಲಿನ್ನೇಯಸ್ ಹೇಳಿದೆ, ಕ್ರಾಮರ್ ಹೇಳಿದೆ. ಒಂದು ಋತುವಿನಲ್ಲಿ ಕಂಡದ್ದನ್ನೇ ಪೂರ್ತಿ ಎಂದು ತಿಳಿದವರು ಹೇಗೆ ಮೋಸ ಹೋದರು ಎಂದು ನಗುತ್ತ ಹೇಳಿದೆ. ಶಾಯಿ ಇನ್ನೂ ಆರಿರಲಿಲ್ಲ.

ಆಮೇಲೆ ಹುಬ್ಬಳ್ಳಿಯಲ್ಲಿ ಕುಳಿತು ಓದುತ್ತಿದ್ದಾಗ ಇನ್ನೊಂದು ಸಂಗತಿ ಎದುರಾಯಿತು. ಬೆಂಗಳೂರಿನ ಜಯಶ್ರೀ ರತ್ನಂ ಮತ್ತು ಅವರ ಸಂಗಡಿಗರು 2011ರಲ್ಲಿ ಬರೆದ ಒಂದು ಲೇಖನ. ಕಾಡು ಯಾವುದು, ಸವನ್ನಾ ಯಾವುದು, ಈ ಭೇದವನ್ನು ತಿಳಿಯುವುದರಿಂದ ಆಗಬೇಕಾದದ್ದೇನು ಎಂಬುದು ಅದರ ವಿಚಾರ. ಮರಗಳನ್ನು ಎಣಿಸಿ ತೀರ್ಮಾನಿಸಬೇಡಿ, ಮರದ ಬುಡವನ್ನು ನೋಡಿ ಎನ್ನುತ್ತಾರೆ ಅವರು. ಬುಡದಲ್ಲಿ ಬಿಸಿಲನ್ನು ಬೇಡುವ ಹುಲ್ಲು ಹಬ್ಬಿದ್ದರೆ ಅದು ಕೆಟ್ಟುಹೋದ ಕಾಡಲ್ಲ. ಅದು ತಾನೇ ತಾನಾದ ಸವನ್ನಾ. ನಮ್ಮ ದೇಶದಲ್ಲಿ ಇಂಥ ಎಷ್ಟೋ ನೆಲವನ್ನು ಹಾಳಾದ ಅಡವಿಯೆಂದೋ ಬಂಜರೆಂದೋ ದಫ್ತರದಲ್ಲಿ ಬರೆದು, ಸುಧಾರಿಸುವ ಹೆಸರಿನಲ್ಲಿ ಗಿಡ ನೆಟ್ಟು, ಇದ್ದುದನ್ನೂ ಕಳೆದುಕೊಂಡಿದ್ದೇವೆ. ಹೆಸರು ತಪ್ಪಿದರೆ ಪುಸ್ತಕದಲ್ಲಿ ಒಂದು ಸಾಲು ತಪ್ಪಿದಂತೆ ಎಂದು ತಿಳಿದಿದ್ದೆ. ಚಿಟ್ಟೆಯ ಹೆಸರು ತಪ್ಪಿದರೆ ಅಷ್ಟೇ ಸರಿ. ಅದಕ್ಕೆ ನಾವಿಟ್ಟ ಹೆಸರು ಗೊತ್ತಿಲ್ಲ. ನೆಲದ ಹೆಸರು ತಪ್ಪಿದರೆ ಹಿಂದೆಯೇ ಯಂತ್ರ ಬರುತ್ತದೆ.

ನಮ್ಮ ಬೇಣ ಆ ಅರ್ಥದಲ್ಲಿ ಸವನ್ನಾವೇ ಎಂದು ಕೇಳಿದರೆ ನಾನು ಆಣೆಯಿಟ್ಟು ಹೇಳಲಾರೆ. ಪೂರ್ವಕ್ಕೆ, ಬನವಾಸಿಯ ಕಡೆಗೆ ಸರಿದ ಹಾಗೆ ಮಳೆ ಇಳಿದು ಕಾಡು ತೆರೆದುಕೊಳ್ಳುತ್ತದೆ; ಯಲ್ಲಾಪುರದಾಚೆ ಮುಂಡಗೋಡಿನ ಕಡೆಗೂ ಹಾಗೆಯೇ. ಸಿದ್ದಾಪುರದ ಘಟ್ಟದಂಚಿನ ಮಳೆ ಬೇರೆ. ಅಲ್ಲಿ ಕುಡುಗೋಲೂ ದನದ ಬಾಯಿಯೂ ಸುಮ್ಮನಾದರೆ ಬೆಟ್ಟವೇ ಇಳಿದು ಬಂದು ಬೇಣವನ್ನು ನುಂಗೀತು. ನಮ್ಮ ಬೇಣ ಅರ್ಧ ನಿಸರ್ಗದ್ದು, ಅರ್ಧ ದೊಡ್ಡಾಯಿಯಂಥವರ ಸೊಂಟದ್ದು. ಯಾವ ಪಟ್ಟಿಗೆ ಸೇರಿಸಬೇಕೆಂದು ತಿಳಿಯದ ವಸ್ತುವನ್ನು ನಾವು ‘ಉಪಯೋಗವಿಲ್ಲದ್ದು’ ಎಂಬ ಪಟ್ಟಿಗೆ ಸೇರಿಸಿಬಿಡುತ್ತೇವೆ.

ಶ್ರಾವಣದಲ್ಲಿ ಮತ್ತೆ ಹೋದೆ. ಯಾರೂ ಕರೆದಿರಲಿಲ್ಲ. ಕೊಡೆ ಹಿಡಿದು, ಕಾಲಿಗೆ ಹತ್ತುವ ಉಂಬಳಗಳನ್ನು ಕೀಳುತ್ತ ಬೇಣ ಹತ್ತಿದೆ. ಅರ್ಧ ಬೇಣ ಇರಲಿಲ್ಲ. ಅದರ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಮಣ್ಣು, ಸಾಲುಗುಂಡಿ, ಗುಂಡಿಗೊಂದು ಅಡಿಕೆಯ ಸಸಿ. ಕೆಂಪುನೀರು ಕೆಳಗಿನ ಹಳ್ಳಕ್ಕೆ ಹರಿಯುತ್ತಿತ್ತು. ಉಳಿದ ಅರ್ಧದಲ್ಲಿ ಹುಲ್ಲು ಮೊಣಕಾಲುದ್ದ ಎದ್ದಿತ್ತು. ನಾನು ಚೈತ್ರದಲ್ಲಿ ಕಂಡ ಕರಿಕಲ್ಲುಗಳು ಕಾಣಲಿಲ್ಲ. ಅವುಗಳ ಮೇಲೆ ಪಾಚಿ, ಪಾಚಿಯಲ್ಲಿ ಸಾಸಿವೆಯಷ್ಟು ಸಣ್ಣ ನೇರಿಳೆಯ ಹೂ. ನೆಲ್ಲಿಮರ ಗರಿ ಬಿಚ್ಚಿತ್ತು. ಬಗ್ಗಿ ಒಂದು ಹುಲ್ಲಿನ ಗರಿಯನ್ನು ಹೊರಳಿಸಿದರೆ ಹುಲ್ಲಿನದೇ ಬಣ್ಣದ ಒಂದು ಹುಳು. ಮುಖಕ್ಕೆ ಎರಡು ಕೋಡು. ಸಿಟ್ಟಾದ ಬೆಕ್ಕಿನ ಹಾಗೆ ನನ್ನನ್ನು ನೋಡಿತು. ಗರಿಯನ್ನು ಮೊದಲಿನಂತೆ ಹೊರಳಿಸಿ ಬಿಟ್ಟು ಬಂದೆ.

ಅಂದು ಸಂಜೆ ದೀಪ ಹಚ್ಚಿದ ಮೇಲೆ ಅದು ಬಂತು. ರೆಕ್ಕೆಯಂಚಿನಲ್ಲಿ ಅಷ್ಟೂ ಕಣ್ಣು ಬಿಟ್ಟುಕೊಂಡಿತ್ತು. ನಾನು ಯಾರಿಗೂ ಯಾವ ಹೆಸರನ್ನೂ ಹೇಳಲಿಲ್ಲ. ದೊಡ್ಡಾಯಿಯೇ ಅದನ್ನು ನೋಡಿ, ‘ಬ್ಯಾಸಿಗೇಲಿ ನೀ ರುಜು ಹಾಕ್ದಾಗ ಬಂದು ಕುಂತಿತ್ತಲ, ಅದೇ ಇದು’ ಎಂದಳು. ಬೈಗುಳವಿರಲಿಲ್ಲ, ಹಳೆಯ ಪರಿಚಯದವರ ಸುದ್ದಿ ಹೇಳುವ ದನಿಯಿತ್ತು. ಅದೇ ಹುಳು ಇಷ್ಟು ತಿಂಗಳು ಬದುಕಿರಲಾರದು, ಇದು ಅದರ ಮಗಳೋ ಮೊಮ್ಮಗಳೋ ಇರಬೇಕು ಎಂದು ತಿದ್ದಬಹುದಾಗಿತ್ತು. ತಿದ್ದಲಿಲ್ಲ.

ಅಣ್ಣನನ್ನು ದೂರುವ ಹಕ್ಕು ನನಗಿಲ್ಲ. ಬೇಣದ ಎರಡು ರೂಪಗಳನ್ನೂ ಬಲ್ಲವನು ಅವನು. ಬಲ್ಲವನಾಗಿಯೂ ಕಡಿಯಬೇಕಾದ ಕಷ್ಟ ಅವನದು. ಒಂದನ್ನೇ ಕಂಡು ‘ಬರಡು’ ಎಂದು ತೀರ್ಪುಕೊಟ್ಟು ಬಸ್ಸು ಹತ್ತಿದವನು ನಾನು. ಉಳಿದ ಅರ್ಧದ ಮಾತನ್ನು ಅಂದು ರಾತ್ರಿ ಊಟವಾದ ಮೇಲೆ ಮೆಲ್ಲನೆ ಎತ್ತಿದೆ. ‘ಈ ವರ್ಷಕ್ಕೆ ಕೈಯಲ್ಲಿದ್ದ ದುಡ್ಡು ಅಷ್ಟಕ್ಕೇ ಆಯಿತು’ ಎಂದ. ಬಳಿಕ ಸ್ವಲ್ಪ ಹೊತ್ತು ಬಿಟ್ಟು, ‘ಬೇಣವಾಗಿಯೇ ಇರಬೇಕು ಎಂದಾದರೆ ವರ್ಷಾವರ್ಷ ಕೊಯ್ಯುವವರು ಬೇಕು. ಕೊಯ್ಯದೆ ಬಿಟ್ಟರೆ ಅದೂ ಹೋಗುತ್ತದೆ’ ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹುಬ್ಬಳ್ಳಿಗೆ ಬಂದ ಮೇಲೆ ಅವನಿಗೊಂದು ಕಾಗದ ಬರೆದೆ. ಕಾರ್ತಿಕದಲ್ಲಿ ಕರಡ ಕೊಯ್ಯುವ ಹೊತ್ತಿಗೆ ಹದಿನೈದು ದಿನ ರಜೆ ಹಾಕಿ ಬರುತ್ತೇನೆ, ಆಳಿನ ಕೂಲಿಯ ಅರ್ಧ ನನ್ನದು, ಒಂದು ಕುಡುಗೋಲೂ ನನ್ನದಿರಲಿ ಎಂದು. ಮೊನ್ನೆ ಅವನ ಉತ್ತರ ಬಂತು. ಕೂಲಿಯ ವಿಷಯ ಒಪ್ಪಿಗೆಯಂತೆ. ಕುಡುಗೋಲಿನ ವಿಷಯದಲ್ಲಿ ಮಾತ್ರ, ಬೆರಳು ಕೊಯ್ದುಕೊಂಡರೆ ಸಿದ್ದಾಪುರದ ದವಾಖಾನೆಯವರೆಗೆ ಹೊತ್ತುಕೊಂಡು ಹೋಗುವ ಆಳಿಗೂ ನಾನೇ ಕೂಲಿ ಕೊಡತಕ್ಕದ್ದೆಂದು ಬರೆದಿದ್ದಾನೆ.